ಬಿಟ್ಟ ಸ್ಥಳ ತುಂಬಬೇಡಿ

ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ನಮಗೆಲ್ಲ ಪರಿಚಿತವಾದ ಒಂದು ಸಾಲಿದೆ: ಬಿಟ್ಟ ಸ್ಥಳಗಳನ್ನು ತುಂಬಿರಿ. ಗೊತ್ತಿಲ್ಲದಿದ್ದರೂ ಏನಾದರೂ ಬರೆಯಿರಿ, ಖಾಲಿ ಬಿಟ್ಟರೆ ಸೊನ್ನೆ, ಬರೆದರೆ ಅದೃಷ್ಟವಿದ್ದರೆ ಒಂದು ಅಂಕ ಎಂದು ಮೇಷ್ಟ್ರುಗಳೇ ಗುಟ್ಟಾಗಿ ಹೇಳಿಕೊಟ್ಟಿರುತ್ತಾರೆ. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂಬ ಉದ್ಯೋಗದ ಮೊದಲ ಪಾಠ ಇದಕ್ಕೆ ಪೂರ್ತಿ ವಿರುದ್ಧವಾಗಿತ್ತು. ವೈದ್ಯರು ಹೇಳಿದ ಪದ ಕೇಳಿಸದಿದ್ದರೆ ಊಹಿಸಬೇಡಿ, ಅಲ್ಲಿ ಜಾಗ ಖಾಲಿ ಬಿಡಿ, ಧ್ವನಿಮುದ್ರಣದ ಎಷ್ಟನೆಯ ನಿಮಿಷದಲ್ಲಿ ಕೇಳಿಸಲಿಲ್ಲ ಎಂದು ಗುರುತು ಹಾಕಿ, ಮೇಲಿನವರಿಗೆ ಕಳಿಸಿ. ಅವರಿಗೂ ಕೇಳಿಸದಿದ್ದರೆ ಆ ಖಾಲಿ ಜಾಗ ಹಾಗೆಯೇ ವೈದ್ಯರ ಮೇಜಿಗೆ ಹೋಗಬೇಕು. ಹೇಳಿದವರೇ ಅದನ್ನು ತುಂಬಬೇಕು.

ಈ ಕೆಲಸವನ್ನು ಇನ್ನು ಮುಂದೆ ಕೃತಕ ಬುದ್ಧಿಮತ್ತೆ ಮಾಡಬಲ್ಲದೇ, ಮನುಷ್ಯರು ಬೇಕಾಗುವುದಿಲ್ಲವೇ ಎಂಬ ಪ್ರಶ್ನೆ ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಉತ್ತರಗಳು ಸಾಮಾನ್ಯವಾಗಿ ಎರಡು ಬಗೆಯವು. ಯಂತ್ರ ದಣಿಯುವುದಿಲ್ಲ, ಅಗ್ಗ, ನಿಮಿಷದಲ್ಲಿ ಮುಗಿಸುತ್ತದೆ ಎಂಬುದು ಒಂದು. ಮನುಷ್ಯನ ಅಂತಃಕರಣ ಯಂತ್ರಕ್ಕೆಲ್ಲಿ ಬರಬೇಕು ಎಂಬುದು ಇನ್ನೊಂದು. ಎರಡೂ ಈ ಕೆಲಸವನ್ನು ಹತ್ತಿರದಿಂದ ನೋಡದೆ ಹೇಳಿದ ಮಾತುಗಳು. ಟ್ರಾನ್ಸ್‌ಕ್ರಿಪ್ಷನ್ ಅಂತಃಕರಣದ ಕೆಲಸವಲ್ಲ, ಬರೀ ಟೈಪಿಂಗ್ ಕೆಲಸವೂ ಅಲ್ಲ. ಅದು ಓದಿನ ಕೆಲಸ. ಹಾಗಾಗಿ ಸಾಹಿತ್ಯದ ವಿದ್ಯಾರ್ಥಿಗಳು ಅದರ ಬಗ್ಗೆ ಮಾತಾಡಲು ಸಂಕೋಚಪಡಬೇಕಾಗಿಲ್ಲ.

*

1990ರ ದಶಕದ ಕೊನೆಯಿಂದ ಮುಂದಿನ ಹತ್ತು ವರ್ಷ ಬೆಂಗಳೂರಿನಲ್ಲಿ ಪದವಿ ಮುಗಿಸಿದವರಿಗೆ ಈ ಉದ್ಯೋಗದ ಹೆಸರು ಚೆನ್ನಾಗಿ ಗೊತ್ತಿತ್ತು. ಪತ್ರಿಕೆಗಳಲ್ಲಿ ತರಬೇತಿ ಕೇಂದ್ರಗಳ ಜಾಹೀರಾತು ಬರುತ್ತಿತ್ತು. ಜೀವಶಾಸ್ತ್ರ ಓದಿದವರು, ಇಂಗ್ಲಿಷ್ ಎಂ.ಎ. ಮಾಡಿದವರು, ಕೆಲಸ ಬಿಟ್ಟು ಮನೆಯಲ್ಲಿದ್ದ ಹೆಂಗಸರು ಸೇರಿದರು. ಅಮೆರಿಕದ ಆಸ್ಪತ್ರೆಯ ವೈದ್ಯರು ರೋಗಿಯನ್ನು ನೋಡಿ, ಫೋನಿನಲ್ಲೋ ಪುಟ್ಟ ರೆಕಾರ್ಡರಿನಲ್ಲೋ ವರದಿಯನ್ನು ಬಾಯಲ್ಲಿ ಹೇಳಿ ಮನೆಗೆ ಹೋಗುತ್ತಿದ್ದರು. ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು. ಆ ಧ್ವನಿ ಇಲ್ಲಿಗೆ ಬಂದು, ಅಕ್ಷರವಾಗಿ, ಅವರು ಮರುದಿನ ಕೆಲಸಕ್ಕೆ ಬರುವಷ್ಟರಲ್ಲಿ ಕಡತ ಸೇರುತ್ತಿತ್ತು. ಕಿವಿಗೆ ಹೆಡ್‌ಫೋನ್, ಕಾಲಡಿಯಲ್ಲಿ ಧ್ವನಿಯನ್ನು ಹಿಂದೆ ಮುಂದೆ ಓಡಿಸುವ ಪೆಡಲ್, ಪಕ್ಕದಲ್ಲಿ ವೈದ್ಯಕೀಯ ನಿಘಂಟು ಮತ್ತು ಔಷಧಿಗಳ ಹೆಸರಿನ ಪುಸ್ತಕ. ಕೂಲಿ ಸಾಲಿನ ಲೆಕ್ಕದಲ್ಲಿ. ಒಂದು ಸಾಲು ಎಂದರೆ ಖಾಲಿ ಜಾಗವೂ ಸೇರಿ 65 ಅಕ್ಷರ.

ಹೇಳುವ ವೈದ್ಯರು ಊಟ ಮಾಡುತ್ತಲೇ ಹೇಳುತ್ತಾರೆ, ಕಾರು ಓಡಿಸುತ್ತ ಹೇಳುತ್ತಾರೆ, ಹಿಂದೆ ಇನ್ಯಾರೋ ಮಾತಾಡುತ್ತಿರುತ್ತಾರೆ. ಅಮೆರಿಕದ ವೈದ್ಯರಲ್ಲಿ ಹೊರದೇಶದಿಂದ ಹೋದವರು ಬಹಳ ಮಂದಿ. ಭಾರತದಿಂದ ಹೋದ ವೈದ್ಯರೊಬ್ಬರ ಇಂಗ್ಲಿಷನ್ನು ಬೆಂಗಳೂರಿನಲ್ಲಿ ಕೂತ ಹುಡುಗಿಯೊಬ್ಬಳು ಅಮೆರಿಕದ ಕಾಗುಣಿತದಲ್ಲಿ ಬರೆಯುವುದು ಈ ಉದ್ಯೋಗದಲ್ಲಿ ವಿಶೇಷವೇನಲ್ಲ.

ಕಷ್ಟವಿರುವುದು ಉಚ್ಚಾರಣೆಯಲ್ಲಿ ಮಾತ್ರವಲ್ಲ. ಇಂಗ್ಲಿಷಿನಲ್ಲಿ ಇಲಿಯಮ್ ಎಂಬ ಪದ ಎರಡಿವೆ. ಒಂದು ಸೊಂಟದ ಮೂಳೆ, ಇನ್ನೊಂದು ಸಣ್ಣ ಕರುಳಿನ ಕೊನೆಯ ಭಾಗ. ಬರೆಯುವಾಗ ಒಂದು ಅಕ್ಷರದ ವ್ಯತ್ಯಾಸ, ಹೇಳುವಾಗ ಅದೂ ಇಲ್ಲ. ಕನ್ನಡ ಲಿಪಿಯಲ್ಲಂತೂ ಎರಡೂ ಒಂದೇ ಆಗಿಬಿಡುತ್ತವೆ. ಡಿಸ್ಫೇಜಿಯಾ ಎಂದರೆ ನುಂಗಲಾಗದಿರುವುದು, ಡಿಸ್ಫೇಸಿಯಾ ಎಂದರೆ ಮಾತಾಡಲಾಗದಿರುವುದು. ಸೆಲೆಬ್ರೆಕ್ಸ್ ನೋವಿಗೆ, ಸೆಲೆಕ್ಸಾ ಖಿನ್ನತೆಗೆ, ಸೆರೆಬಿಕ್ಸ್ ಮೂರ್ಛೆರೋಗಕ್ಕೆ. ಹದಿನೈದಕ್ಕೂ ಐವತ್ತಕ್ಕೂ ಇಂಗ್ಲಿಷಿನಲ್ಲಿ ಇರುವ ಅಂತರ ಒಂದು ಅನುನಾಸಿಕದ್ದು. ಇಲ್ಲಿ ಕಿವಿಯೊಂದೇ ಸಾಲದು. ಎರಡು ಪ್ಯಾರಾ ಹಿಂದೆ ರೋಗಿಗೆ ಏನಾಗಿದೆ ಎಂದು ಹೇಳಿದ್ದಾರೆ, ಮುಂದೆ ಯಾವ ಪರೀಕ್ಷೆ ಮಾಡಿಸಲು ಹೇಳುತ್ತಾರೆ, ಈ ಔಷಧಿ ಈ ಪ್ರಮಾಣದಲ್ಲಿ ಸಿಗುತ್ತದೆಯೇ ಎಂಬುದನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಬೇಕು. ಎಡಗಾಲಿನ ಶಸ್ತ್ರಚಿಕಿತ್ಸೆ ಎಂದು ಶುರುಮಾಡಿದ ವೈದ್ಯರು ನಡುವೆ ಬಲಗಾಲು ಎಂದರೆ ಅದನ್ನು ಹಿಡಿದು ನಿಲ್ಲಿಸಬೇಕು. ಆದರೆ ತಾನೇ ತಿದ್ದಬಾರದು, ತೋರಿಸಿ ಕೇಳಬೇಕು.

*

ನಮಗೆ ಈ ಶಿಸ್ತು ಹೊಸದಲ್ಲ. ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದ ಎಂ.ಎ. ವಿದ್ಯಾರ್ಥಿಗಳಿಗೆ ಇದು ಕೂಡಲೇ ಹೊಳೆಯುತ್ತದೆ. ಓಲೆಗರಿಯ ಅಂಚು ಮುರಿದಿದ್ದರೆ, ಹುಳು ತಿಂದಿದ್ದರೆ, ಸಂಪಾದಕರು ಅಲ್ಲಿ ಗ್ರಂಥಪಾತವಿದೆ ಎಂದು ಹೇಳುತ್ತಾರೆ. ಶಾಸನದ ಕಲ್ಲು ಚಕ್ಕೆ ಎದ್ದಿದ್ದರೆ ಪಾಠದಲ್ಲಿ ಚುಕ್ಕೆಗಳನ್ನಿಡುತ್ತಾರೆ. ಊಹೆ ಮಾಡಬಾರದೆಂದಲ್ಲ. ಮಾಡಿದ ಊಹೆಯನ್ನು ಕಂಸದಲ್ಲಿಡಬೇಕು, ಬೇರೆ ಪ್ರತಿಗಳಲ್ಲಿ ಏನಿದೆ ಎಂದು ಅಡಿಯಲ್ಲಿ ಪಾಠಾಂತರ ಕೊಡಬೇಕು. ಓದುಗನಿಗೆ ಕವಿ ಬರೆದದ್ದು ಯಾವುದು, ಸಂಪಾದಕ ಸೇರಿಸಿದ್ದು ಯಾವುದು ಎಂದು ಬೇರೆಬೇರೆಯಾಗಿ ಕಾಣಬೇಕು.

ಅದೇ ಶಾಸ್ತ್ರದಲ್ಲಿ ಇನ್ನೊಂದು ಸೂತ್ರವಿದೆ. ಎರಡು ಪಾಠಗಳಲ್ಲಿ ಒಂದು ಸುಲಭವಾಗಿಯೂ ಇನ್ನೊಂದು ಕ್ಲಿಷ್ಟವಾಗಿಯೂ ಇದ್ದರೆ, ಸಾಮಾನ್ಯವಾಗಿ ಕ್ಲಿಷ್ಟವಾದದ್ದೇ ಮೂಲಕ್ಕೆ ಹತ್ತಿರ. ಏಕೆಂದರೆ ಲಿಪಿಕಾರನ ಕೈ ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದವಾಗಿ ಬದಲಿಸುತ್ತದೆ, ಗೊತ್ತಿರುವುದನ್ನು ಅಪರಿಚಿತವಾಗಿ ಬದಲಿಸುವುದು ಕಡಿಮೆ. ಹಳಗನ್ನಡದ ಒಂದು ಪದ ತಿಳಿಯದೆ ತನ್ನ ಕಾಲದ ಪದವನ್ನು ಬರೆದ ಲಿಪಿಕಾರ ಮೋಸಗಾರನಲ್ಲ. ಅವನಿಗೆ ಆ ಸಾಲು ಹಾಗೆಯೇ ಕಂಡಿತ್ತು.

ಇಂದಿನ ಯಂತ್ರ ಆ ಲಿಪಿಕಾರನ ಈ ಗುಣವನ್ನೇ ವಿಧಾನವಾಗಿ ಮಾಡಿಕೊಂಡಿದೆ. ಧ್ವನಿ ಅಸ್ಪಷ್ಟವಾದಾಗ ಅದು ಈ ಪದದ ಹಿಂದೆ ಸಾಮಾನ್ಯವಾಗಿ ಯಾವ ಪದ ಬರುತ್ತದೆ ಎಂದು ಲೆಕ್ಕ ಹಾಕಿ ಹೆಚ್ಚು ಸಂಭವವಿರುವುದನ್ನು ಇಡುತ್ತದೆ. ಬಹುಪಾಲು ಸಲ ಅದು ಸರಿಯಾಗಿರುತ್ತದೆ, ಅದಕ್ಕೇ ಅದು ಬಳಕೆಯಲ್ಲಿರುವುದು. ಆದರೆ ವೈದ್ಯಕೀಯ ಕಡತದಲ್ಲಿ ತೀರಾ ಮುಖ್ಯವಾದ ಪದ ಎಷ್ಟೋ ಸಲ ಅಪರೂಪದ ಪದ. ಸಾವಿರ ಜನರಲ್ಲಿ ಒಬ್ಬರಿಗೆ ಬರುವ ರೋಗದ ಹೆಸರು, ಮೊನ್ನೆ ಮಾರುಕಟ್ಟೆಗೆ ಬಂದ ಔಷಧಿ, ಎಲ್ಲರಿಗೂ ಇರುವ ಲಕ್ಷಣ ಈ ರೋಗಿಗೆ ಇಲ್ಲ ಎನ್ನುವ ಒಂದು 'ಇಲ್ಲ'. ಸುಲಭ ಪಾಠದ ಕಡೆ ವಾಲುವ ಓದುಗ ತಪ್ಪುವುದು ಇಂಥಲ್ಲೇ.

*

ಹಾಗೆಂದು ಮನುಷ್ಯ ಲಿಪಿಕಾರರ ಕಾಲ ಸತ್ಯಯುಗವಾಗಿತ್ತು ಎಂದರೆ ಸುಳ್ಳಾಗುತ್ತದೆ. 2008ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮಧುಮೇಹವಿದ್ದ ಮಹಿಳೆಯೊಬ್ಬರು ಆಸ್ಪತ್ರೆಯಿಂದ ಬಿಡುಗಡೆಯಾಗಿ ಪುನಶ್ಚೇತನ ಕೇಂದ್ರಕ್ಕೆ ಹೋದರು. ಅವರಿಗೆ ಕೊಡಬೇಕಾಗಿದ್ದ ಇನ್ಸುಲಿನ್ 8 ಯೂನಿಟ್. ಬಿಡುಗಡೆಯ ವರದಿಯಲ್ಲಿ ಇದ್ದದ್ದು 80. ಆ ವರದಿಯನ್ನು ನಂಬಿ ಕೊಟ್ಟ ಇನ್ಸುಲಿನ್ ಅವರ ಪ್ರಾಣ ತೆಗೆಯಿತು. ವರದಿ ಟೈಪಾದದ್ದು ಭಾರತದಲ್ಲಿ, ಗುತ್ತಿಗೆಯ ಮೇಲೆ ಒಳಗುತ್ತಿಗೆಯಾಗಿ. ವೈದ್ಯರು ಅದನ್ನು ಪರಿಶೀಲಿಸುವ ಮೊದಲೇ ಅದು ಮುಂದಕ್ಕೆ ಹೋಗಿತ್ತು. 2012ರಲ್ಲಿ ಅಲ್ಲಿನ ಜ್ಯೂರಿ ಕುಟುಂಬಕ್ಕೆ 14 ಕೋಟಿ ಡಾಲರ್ ಪರಿಹಾರ ಘೋಷಿಸಿತು.

ಈ ತಪ್ಪು ಯಂತ್ರದ್ದಲ್ಲ, ಮನುಷ್ಯರದ್ದು. ಅಲ್ಲಿ ಖಾಲಿ ಜಾಗವಿರಲಿಲ್ಲ, ಅನುಮಾನದ ಗುರುತೂ ಇರಲಿಲ್ಲ. ಸ್ವಚ್ಛವಾಗಿ ಮೂಡಿದ ಒಂದು ಅಂಕಿಯಿತ್ತು. ಅಂಕಿ ಸ್ವಚ್ಛವಾಗಿದ್ದುದರಿಂದಲೇ ಯಾರೂ ನಿಂತು ನೋಡಲಿಲ್ಲ.

ಸಾಲಿನ ಲೆಕ್ಕದಲ್ಲಿ ಕೂಲಿ ಕೊಡುವ ವ್ಯವಸ್ಥೆ ನಿಂತು ನೋಡುವವರಿಗೆ ಏನೂ ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. ಒಂದು ಪದವನ್ನು ಹತ್ತು ಸಲ ಹಿಂದಕ್ಕೆ ಓಡಿಸಿ ಕೇಳಿದ ಹತ್ತು ನಿಮಿಷಕ್ಕೆ ಸಿಗುವುದು ಒಂದು ಪದದ ಕಾಸು. ಖಾಲಿ ಬಿಡಿ ಎಂದು ತರಗತಿಯಲ್ಲಿ ಕಲಿಸಿದವರೇ, ಕೆಲಸಕ್ಕೆ ಸೇರಿದ ಮೇಲೆ ಖಾಲಿ ಜಾಗ ಜಾಸ್ತಿಯಾಯಿತು ಎಂದು ಅಂಕ ಕಳೆಯುತ್ತಿದ್ದರು. ಹೊರಗುತ್ತಿಗೆಯ ಸರಪಳಿ ಎಷ್ಟು ಉದ್ದವಾಗಿತ್ತೆಂದರೆ, 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಆಸ್ಪತ್ರೆಯೊಂದಕ್ಕೆ ಕರಾಚಿಯಿಂದ ಒಂದು ಇ-ಮೇಲ್ ಬಂತು. ತನಗೆ ಬರಬೇಕಾದ ಕೂಲಿ ಬಂದಿಲ್ಲ, ಕೊಡಿಸದಿದ್ದರೆ ರೋಗಿಗಳ ದಾಖಲೆಗಳನ್ನು ಅಂತರ್ಜಾಲಕ್ಕೆ ಹಾಕುತ್ತೇನೆ ಎಂದು ಬರೆದಿದ್ದ ಆಕೆ, ಆಸ್ಪತ್ರೆಯ ವರದಿಗಳನ್ನು ಟೈಪ್ ಮಾಡುತ್ತಿದ್ದವಳು. ಕೆಲಸ ಕ್ಯಾಲಿಫೋರ್ನಿಯಾದ ಸಂಸ್ಥೆಯಿಂದ ಫ್ಲಾರಿಡಾಕ್ಕೆ, ಅಲ್ಲಿಂದ ಟೆಕ್ಸಾಸಿಗೆ, ಅಲ್ಲಿಂದ ಕರಾಚಿಗೆ ಕೈಬದಲಾಗಿತ್ತು. ತನ್ನ ವರದಿಗಳನ್ನು ಬರೆಯುವವರು ಯಾರು ಎಂದು ಆಸ್ಪತ್ರೆಗೆ ಗೊತ್ತಾದದ್ದು ಆ ಬೆದರಿಕೆಯಿಂದ. ಆಕೆ ಮಾಡಿದ್ದು ಸರಿ ಎಂದು ಯಾರೂ ಹೇಳಲಾರರು. ಆದರೆ ಅಲ್ಲಿಯವರೆಗೆ ಆಕೆ ಒಬ್ಬ ಮನುಷ್ಯಳಾಗಿ ಆ ಕಡತದಲ್ಲಿ ಎಲ್ಲಿಯೂ ಇರಲಿಲ್ಲ ಎಂಬುದೂ ನಿಜ. ಇಷ್ಟರ ಮಟ್ಟಿಗೆ ಕಣ್ಣಿಗೆ ಕಾಣದಂತಾದವರ ಜಾಗದಲ್ಲಿ ಯಂತ್ರ ತಂದು ಕೂರಿಸುವುದು ಬಹಳ ಸುಲಭ.

*

ಯಂತ್ರ ಒಂದೇ ದಿನ ಬಂದದ್ದೂ ಅಲ್ಲ. ಮೊದಲು ಬಂದದ್ದು ಮಾತನ್ನು ಗುರುತಿಸುವ ತಂತ್ರಾಂಶ. ಅದು ಕರಡು ಮಾಡಿಕೊಡುತ್ತಿತ್ತು, ಲಿಪಿಕಾರರು ಅದನ್ನು ತಿದ್ದುವ ಸಂಪಾದಕರಾದರು, ಸಾಲಿನ ದರ ಇಳಿಯಿತು. ಅವರು ತಿದ್ದಿದ ಪ್ರತಿಯೊಂದು ಸಾಲೂ ಆ ತಂತ್ರಾಂಶಕ್ಕೆ ಪಾಠವಾಯಿತು. ತನ್ನ ಜಾಗಕ್ಕೆ ಬರುವವನಿಗೆ ತಾನೇ, ಕಡಿಮೆ ಸಂಬಳಕ್ಕೆ, ತರಬೇತಿ ಕೊಟ್ಟ ಹಾಗೆ.

ಆ ಹಂತದಲ್ಲಿ ಯಾರ ಕೆಲಸ ಎಷ್ಟು ಎಂಬುದನ್ನು ಅಳೆದು ನೋಡಿದ ಅಧ್ಯಯನವೊಂದು 2018ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ 'ಜಾಮಾ ನೆಟ್‌ವರ್ಕ್ ಓಪನ್' ಪತ್ರಿಕೆಯಲ್ಲಿ ಪ್ರಕಟವಾಯಿತು. 217 ವರದಿಗಳನ್ನು ತೆಗೆದುಕೊಂಡು, ತಂತ್ರಾಂಶದ ಕರಡು, ಲಿಪಿಕಾರರು ತಿದ್ದಿದ ಪ್ರತಿ, ವೈದ್ಯರು ಸಹಿ ಮಾಡಿದ ಪ್ರತಿ, ಮೂರನ್ನೂ ಹೋಲಿಸಿದರು. ಕರಡಿನಲ್ಲಿ ನೂರು ಪದಕ್ಕೆ 7.4 ತಪ್ಪುಗಳು. ಲಿಪಿಕಾರರ ಕೈ ದಾಟಿದ ಮೇಲೆ 0.4. ವೈದ್ಯರು ನೋಡಿದ ಮೇಲೆ 0.3. ಅಂದರೆ ತಪ್ಪುಗಳನ್ನು ಹಿಡಿದವರು ಬಹುಮಟ್ಟಿಗೆ ಆ ನಡುವಿನ ವ್ಯಕ್ತಿಗಳು. ವೈದ್ಯರ ಸಹಿ ಅದರ ಮೇಲೆ ಕೂಡಿಸಿದ್ದು ಅಲ್ಪ.

ಈ ಅಂಕಿಗಳನ್ನು ಇಂದಿನ ಯಂತ್ರಗಳಿಗೆ ಹಾಗೆಯೇ ಅನ್ವಯಿಸಲಾಗದು. ಅವು ಬಹಳ ಸುಧಾರಿಸಿವೆ. ಆದರೆ ಸುಧಾರಣೆಯ ಜೊತೆಗೆ ತಪ್ಪಿನ ಸ್ವಭಾವವೂ ಬದಲಾಗಿದೆ. ಹಳೆಯ ತಂತ್ರಾಂಶದ ತಪ್ಪು ಓದಿದರೆ ನಗು ಬರುವಂತಿರುತ್ತಿತ್ತು. ವಾಕ್ಯ ಮುರಿದು ಬೀಳುತ್ತಿತ್ತು, ಕಣ್ಣಿಗೆ ಹೊಡೆಯುತ್ತಿತ್ತು. ಹೊಸದರ ತಪ್ಪು ವ್ಯಾಕರಣಶುದ್ಧವಾಗಿರುತ್ತದೆ.

ಓಪನ್‌ಎಐ ಸಂಸ್ಥೆ 2022ರಲ್ಲಿ 'ವಿಸ್ಪರ್' ಎಂಬ ಲಿಪಿಕಾರ ಯಂತ್ರವನ್ನು ಬಿಡುಗಡೆ ಮಾಡಿತು. 6,80,000 ಗಂಟೆಗಳ ಧ್ವನಿ ಕೇಳಿ ಕಲಿತ ಯಂತ್ರ ಅದು. ಅಲಿಸನ್ ಕೊನೆಕಿ ಮತ್ತು ಅವರ ಸಹೋದ್ಯೋಗಿಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ನೂರಕ್ಕೆ ಒಂದು ಧ್ವನಿತುಣುಕಿನಲ್ಲಿ ಅದು ಯಾರೂ ಆಡದ ಪದಗುಚ್ಛಗಳನ್ನು, ಇಡೀ ವಾಕ್ಯಗಳನ್ನು ಸೇರಿಸಿತ್ತು. ಹಾಗೆ ಸೇರಿಸಿದವುಗಳಲ್ಲಿ 38 ಪ್ರತಿಶತ ಹಾನಿಕರವಾದವು: ಇಲ್ಲದ ಹಿಂಸೆ, ಇಲ್ಲದ ಸಂಬಂಧ, ಇಲ್ಲದ ಅಧಿಕಾರಿಯ ಮಾತು. ಅವರು ಬಳಸಿದ ಧ್ವನಿಗಳಲ್ಲಿ ಅಫೇಸಿಯಾ ಇರುವವರದ್ದೂ ಇತ್ತು. ಲಕ್ವ ಹೊಡೆದ ಮೇಲೆ ಮಾತು ತಡವರಿಸುವವರು, ಒಂದು ಪದ ಹುಡುಕಲು ಹೊತ್ತು ತೆಗೆದುಕೊಳ್ಳುವವರು. ಇವರ ಮಾತಿನಲ್ಲಿ ಯಂತ್ರದ ಕಟ್ಟುಕತೆ ಹೆಚ್ಚು. ಕಾರಣ ಮೌನ. ಮಾತಿನ ನಡುವೆ ದೀರ್ಘ ಮೌನ ಬಂದಾಗ ಯಂತ್ರ ಅದನ್ನು ಮೌನವೆಂದು ಬಿಡದೆ ತುಂಬುತ್ತದೆ. ಕೆಲವೊಮ್ಮೆ ಅದು ಬರೆಯುವುದು, ವೀಡಿಯೋ ನೋಡಿದ್ದಕ್ಕೆ ಧನ್ಯವಾದಗಳು ಎಂದು. ಅಂತರ್ಜಾಲದ ವೀಡಿಯೋಗಳನ್ನು ಕೇಳಿ ಕಲಿತದ್ದಕ್ಕೆ, ಮಾತು ನಿಂತಾಗ ಬರಬೇಕಾದದ್ದು ಅದೇ ಎಂದು ಗೊತ್ತು.

ಈ ಯಂತ್ರವನ್ನು ಅಪಾಯವಿರುವ ಕಡೆ ಬಳಸಬೇಡಿ ಎಂದು ಅದನ್ನು ಮಾಡಿದವರೇ ಹೇಳಿದ್ದರು. ಆದರೂ ಇದರ ಮೇಲೆ ಕಟ್ಟಿದ ಉಪಕರಣವೊಂದನ್ನು ಸಾವಿರಾರು ವೈದ್ಯರು ಬಳಸುತ್ತಿದ್ದಾರೆಂದು 2024ರ ಅಕ್ಟೋಬರಿನಲ್ಲಿ ಅಸೋಸಿಯೇಟೆಡ್ ಪ್ರೆಸ್ ವರದಿ ಮಾಡಿತು. ಆ ಉಪಕರಣ ಮೂಲ ಧ್ವನಿಯನ್ನು ಗೋಪ್ಯತೆಯ ಕಾರಣಕ್ಕೆ ಅಳಿಸಿಹಾಕುತ್ತಿತ್ತು. ಗೋಪ್ಯತೆ ಮುಖ್ಯವೇ. ಆದರೆ ಗ್ರಂಥಸಂಪಾದನೆಯ ವಿದ್ಯಾರ್ಥಿ ಇದನ್ನು ಬೇರೆ ಮಾತಿನಲ್ಲಿ ಹೇಳುತ್ತಾನೆ: ಪ್ರತಿ ಮಾಡಿದ ಮೇಲೆ ಓಲೆಗರಿಯನ್ನು ಸುಟ್ಟುಬಿಟ್ಟರು. ಇನ್ನು ಪಾಠಾಂತರ ಎಲ್ಲಿಂದ ತರುವುದು?

*

ಈಗ ಬಂದಿರುವುದು ಮೂರನೆಯ ಹಂತ. ಇದರಲ್ಲಿ ವೈದ್ಯರು ವರದಿಯನ್ನು ಹೇಳುವುದೇ ಇಲ್ಲ. ರೋಗಿಯ ಜೊತೆ ಮಾತಾಡುತ್ತಾರೆ, ಮೇಜಿನ ಮೇಲಿನ ಫೋನು ಕೇಳಿಸಿಕೊಳ್ಳುತ್ತದೆ, ಇಬ್ಬರ ಮಾತಿನಿಂದ ವರದಿ ತಯಾರಾಗುತ್ತದೆ. ಇದು ಪ್ರತಿ ಮಾಡುವುದಲ್ಲ, ಸಾರಾಂಶ ಬರೆಯುವುದು. ಲಿಪಿಕಾರನ ಕೆಲಸದ ಜೊತೆ ಟೀಕಾಕಾರನ ಕೆಲಸವೂ ಯಂತ್ರಕ್ಕೆ ಹೋಯಿತು.

ಇದರ ಲಾಭವನ್ನು ಅಲ್ಲಗಳೆಯಬಾರದು. ಕಂಪ್ಯೂಟರ್ ಪರದೆ ನೋಡುತ್ತ ರೋಗಿಗೆ ಬೆನ್ನು ಮಾಡಿ ಕೂತ ವೈದ್ಯರು ಮತ್ತೆ ಮುಖ ನೋಡಿ ಮಾತಾಡುವಂತಾಗಿದೆ, ರಾತ್ರಿ ಮನೆಯಲ್ಲಿ ಕೂತು ವರದಿ ಬರೆಯುವುದು ತಪ್ಪಿದೆ ಎಂದು ಬಳಸಿದವರು ಹೇಳುತ್ತಾರೆ. ಉತ್ತರ ಕ್ಯಾಲಿಫೋರ್ನಿಯಾದ ಪರ್ಮನೆಂಟೆ ವೈದ್ಯಕೀಯ ಸಮೂಹ 2023ರ ಅಕ್ಟೋಬರಿನಲ್ಲಿ ಇದನ್ನು ಜಾರಿಗೆ ತಂದಾಗ, ಹತ್ತು ವಾರದಲ್ಲಿ 3,442 ವೈದ್ಯರು 3,03,266 ಭೇಟಿಗಳಲ್ಲಿ ಬಳಸಿದರು. ಬೇಡದ ವಸ್ತುವನ್ನು ಯಾರೂ ಇಷ್ಟು ಬೇಗ ಎತ್ತಿಕೊಳ್ಳುವುದಿಲ್ಲ.

ಅದೇ ಸಮೂಹದವರು ತಮ್ಮ ಬರಹದಲ್ಲಿ ಎರಡು ತಪ್ಪುಗಳನ್ನೂ ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ವೈದ್ಯರು ಪ್ರಾಸ್ಟೇಟ್ ಪರೀಕ್ಷೆಗೆ ಸಮಯ ಗೊತ್ತುಮಾಡುವ ಬಗ್ಗೆ ಹೇಳಿದ್ದರು. ಯಂತ್ರ ಪರೀಕ್ಷೆ ಮಾಡಲಾಗಿದೆ ಎಂದು ಬರೆಯಿತು. ಇನ್ನೊಬ್ಬ ರೋಗಿಯ ಕೈ, ಕಾಲು, ಬಾಯಿಯ ತೊಂದರೆಗಳ ಬಗ್ಗೆ ಮಾತು ಬಂದಿತ್ತು. ಯಂತ್ರ ಆ ಮೂರನ್ನೂ ಕೂಡಿಸಿ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ 'ಕೈ ಕಾಲು ಬಾಯಿ ರೋಗ' ಎಂದು ರೋಗನಿರ್ಣಯವನ್ನೇ ಮಾಡಿಬಿಟ್ಟಿತು. ಮೊದಲನೆಯದು ಕಾಲದ ತಪ್ಪು: ಭವಿಷ್ಯತ್ತು ಭೂತವಾಯಿತು. ಎರಡನೆಯದು ಸಮಾಸದ ತಪ್ಪು: ಬಿಡಿ ಪದಗಳು ರೂಢನಾಮವಾದವು. ವ್ಯಾಕರಣದ ತರಗತಿಯಲ್ಲಿ ಒಂದು ಅಂಕ ಹೋಗುವ ತಪ್ಪುಗಳು ಇವು. ಕಡತದಲ್ಲಾದರೆ, ಆಗದ ಪರೀಕ್ಷೆ ಆಗಿದೆ ಎಂದು ದಾಖಲಾದ ಮೇಲೆ ಅದನ್ನು ಮತ್ತೆ ಮಾಡಲು ಯಾರಿಗೂ ಕಾರಣವಿರುವುದಿಲ್ಲ.

*

ಇವೆಲ್ಲ ಇಂಗ್ಲಿಷಿನ ಕತೆ. ಕೇಳಿಸಿಕೊಂಡು ಬರೆಯುವ ಯಂತ್ರಗಳು ಭಾರತದ ಭಾಷೆಗಳನ್ನೂ ಕಲಿಯುತ್ತಿವೆ, ಇಲ್ಲಿನ ವೈದ್ಯರ ಕೋಣೆಗೂ ಬರುತ್ತವೆ. ಆಗ ಅವು ಕೇಳಬೇಕಾದ ಕನ್ನಡ ಎಂಥದ್ದು ಎಂದು ಯೋಚಿಸಿ.

ಮಾತ್ರೆ ತಗೊಳ್ತಾ ಇದೀರಾ ಅಂತ ವೈದ್ಯರು ಕೇಳುತ್ತಾರೆ. ತಗೋತೀನಿ ಸಾರ್ ಅನ್ನುತ್ತಾರೆ ರೋಗಿ. ಈ 'ತಗೋತೀನಿ' ದಿನಾ ತೆಗೆದುಕೊಳ್ಳುತ್ತಿದ್ದೇನೆ ಎಂದೋ, ಇನ್ನು ಮೇಲೆ ತೆಗೆದುಕೊಳ್ಳುತ್ತೇನೆ ಎಂದೋ? ನಮ್ಮ ಆಡುಮಾತಿನಲ್ಲಿ ರೂಢಿಗೂ ಭವಿಷ್ಯಕ್ಕೂ ಕ್ರಿಯಾಪದದ ರೂಪ ಒಂದೇ. ಬಿಪಿ ಮಾತ್ರೆಯ ಮಟ್ಟಿಗೆ ಆ ಎರಡರ ನಡುವೆ ಇರುವುದು ಚಿಕಿತ್ಸೆಯ ಇಡೀ ದಾರಿ. ಎದುರಿಗೆ ಕೂತ ನರ್ಸಮ್ಮನಿಗೆ ರೋಗಿ ತಲೆ ತಗ್ಗಿಸಿ ಹೇಳಿದ ರೀತಿಯಲ್ಲೇ ಅರ್ಥವಾಗುತ್ತದೆ. ಮತ್ತೆ ಕೇಳುತ್ತಾರೆ: ತಗೋತಾ ಇದೀಯೋ, ಇನ್ಮೇಲೆ ತಗೋತೀಯೋ?

ಹೊಟ್ಟೆ ಉರಿ ಎಂದರೆ ಹೊಟ್ಟೆಯ ಉರಿಯೂ ಹೌದು, ಪಕ್ಕದ ಮನೆಯವರ ಏಳಿಗೆ ಕಂಡು ಆಗುವುದೂ ಹೌದು. ಒಂದಕ್ಕೆ ಹೋದಾಗ ಉರಿ ಎಂದರೆ ಮೂತ್ರದ ಸಮಸ್ಯೆ. ಹೊರಕಡೆಗೆ ಸರಿಯಾಗಿ ಆಗ್ತಿಲ್ಲ ಎಂದರೆ ಮಲಬದ್ಧತೆ. ಹೊರಗಾಗಿ ಎರಡು ತಿಂಗಳಾಯ್ತು ಎಂದರೆ ಮುಟ್ಟು ನಿಂತಿದೆ. ನನಗೆ ಬಿಪಿ ಇದೆ, ಶುಗರ್ ಇದೆ ಎಂದರೆ ಎರಡೂ ಹೆಚ್ಚಿದೆ. ಗ್ಯಾಸ್ಟ್ರಿಕ್ ಎಂಬ ಪದದ ಕೆಳಗೆ ಎದೆನೋವಿನಿಂದ ಹಿಡಿದು ಮನಸ್ಸಿನ ಭಾರದವರೆಗೆ ಏನು ಬೇಕಾದರೂ ಅಡಗಿರಬಹುದು. ಇದರ ಮೇಲೆ ಬೀದರದ ಮಾತು ಬೇರೆ, ಕುಂದಾಪುರದ್ದು ಬೇರೆ, ಚಾಮರಾಜನಗರದ್ದು ಬೇರೆ. ರೋಗಿ ಅರ್ಧ ಹೇಳಿ ಸುಮ್ಮನಾಗುತ್ತಾರೆ, ಜೊತೆಗೆ ಬಂದ ಅತ್ತೆಯೋ ಮಗನೋ ಉಳಿದದ್ದನ್ನು ಹೇಳುತ್ತಾರೆ. ಆ ಅರ್ಧದ ನಂತರದ ಮೌನದಲ್ಲಿ, ಅತ್ತೆಯ ಮುಂದೆ ಹೇಳಲಾಗದ ಕಾರಣವಿರುತ್ತದೆ.

ಧ್ವನಿ ಗುರುತಿಸುವ ಯಂತ್ರಗಳು ಎಲ್ಲರನ್ನೂ ಒಂದೇ ಸಮ ಕೇಳುವುದಿಲ್ಲ ಎಂಬುದಕ್ಕೆ ಇಂಗ್ಲಿಷಿನಲ್ಲೇ ಸಾಕ್ಷಿಯಿದೆ. ಕೊನೆಕಿ ಅವರದೇ 2020ರ ಅಧ್ಯಯನದಲ್ಲಿ, ಅಮೆರಿಕದ ಐದು ದೊಡ್ಡ ಕಂಪನಿಗಳ ಯಂತ್ರಗಳು ಬಿಳಿಯರ ಮಾತಿನಲ್ಲಿ ನೂರು ಪದಕ್ಕೆ ಸರಾಸರಿ 19 ತಪ್ಪು ಮಾಡಿದರೆ ಕಪ್ಪು ಜನರ ಮಾತಿನಲ್ಲಿ 35 ಮಾಡಿದವು. ಅಷ್ಟು ಧ್ವನಿಸಂಪತ್ತು ಇರುವ ಭಾಷೆಯಲ್ಲೇ ಹೀಗಾದರೆ, ಅಂತರ್ಜಾಲದಲ್ಲಿ ಕಡಿಮೆ ಇರುವ ಕನ್ನಡದಲ್ಲಿ, ಅದರಲ್ಲೂ ಅಲ್ಲಿ ಕೇಳಿಸುವುದೇ ಅಪರೂಪವಾದ ಕೂಲಿಕಾರರ, ಮುದುಕಿಯರ ಕನ್ನಡದಲ್ಲಿ ಯಂತ್ರಕ್ಕೆ ಬಿಟ್ಟ ಸ್ಥಳಗಳೇ ಹೆಚ್ಚಿರುತ್ತವೆ. ಅವನ್ನು ಅದು ಯಾವ ಕನ್ನಡದಿಂದ ತುಂಬುತ್ತದೆ? ತಾನು ಹೆಚ್ಚು ಕೇಳಿದ ಕನ್ನಡದಿಂದ. ಟಿವಿಯವರ ಕನ್ನಡದಿಂದ.

*

ಯಂತ್ರಕ್ಕೂ ಖಾಲಿ ಬಿಡುವುದನ್ನು ಕಲಿಸಬಹುದಲ್ಲ ಎಂದು ಯಾರಾದರೂ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಕಲಿಸಬಹುದು. ಪ್ರತಿ ಪದಕ್ಕೂ ತನಗೆಷ್ಟು ಖಾತ್ರಿಯಿದೆ ಎಂಬ ಅಂಕಿಯನ್ನು ಇಂಥ ಯಂತ್ರಗಳು ಒಳಗೆ ಲೆಕ್ಕ ಹಾಕಿಯೇ ಇರುತ್ತವೆ. ಖಾತ್ರಿ ಕಡಿಮೆಯಿದ್ದಲ್ಲಿ ಗುರುತು ಹಾಕಿಸುವುದು ತಂತ್ರಜ್ಞಾನಕ್ಕೆ ಅಸಾಧ್ಯವಲ್ಲ. ಆ ಅಂಕಿಯೂ ತಪ್ಪಬಹುದು, ತಪ್ಪು ಪದವನ್ನು ಪೂರ್ತಿ ಖಾತ್ರಿಯಿಂದಲೂ ಬರೆಯಬಹುದು. ಆದರೂ ಏನೂ ಇಲ್ಲದಿರುವುದಕ್ಕಿಂತ ಅದು ವಾಸಿ.

ತೊಂದರೆ ಕೊಳ್ಳುವವರ ಕಡೆಯದು. ಖಾಲಿ ಜಾಗವಿರುವ ವರದಿಯನ್ನು ಯಾರಾದರೂ ಕೂತು ತುಂಬಬೇಕು. ಅದಕ್ಕೆ ಸಮಯ ಬೇಕು. ಸಮಯ ಉಳಿಸುತ್ತೇವೆ ಎಂದು ಮಾರಿದ ವಸ್ತು ಸಮಯ ಕೇಳಿದರೆ ಯಾರು ಕೊಳ್ಳುತ್ತಾರೆ? ಮನುಷ್ಯ ಲಿಪಿಕಾರರ ಖಾಲಿ ಜಾಗಕ್ಕೆ ಅಂಕ ಕಳೆದ ಮಾರುಕಟ್ಟೆಯೇ ಇಂದು ಖಾಲಿ ಬಿಡದ ಯಂತ್ರವನ್ನು ಮೆಚ್ಚಿ ಕೊಂಡಿದೆ. ಮನುಷ್ಯರ ವಿರುದ್ಧ ಯಂತ್ರ ಎಂದು ಇದನ್ನು ನೋಡುವುದರಿಂದ ಈ ಮುಖ್ಯ ಸಂಗತಿ ಮರೆಯಾಗುತ್ತದೆ. ನಮಗೆ ಗೊತ್ತಾಗಲಿಲ್ಲ ಎಂದು ಬರೆದಿಡುವುದಕ್ಕೆ ಈ ವ್ಯವಸ್ಥೆ ಮೊದಲೂ ಬೆಲೆ ಕೊಟ್ಟಿರಲಿಲ್ಲ, ಈಗಲೂ ಕೊಡುತ್ತಿಲ್ಲ. ವ್ಯತ್ಯಾಸವಿಷ್ಟೇ: ಮೊದಲು ಅದನ್ನು ಕಲಿತವರು ಕೆಲವರಾದರೂ ಇದ್ದರು, ಬೆಲೆ ಸಿಗದಿದ್ದರೂ ಅಭ್ಯಾಸಬಲದಿಂದ ಬಿಡುತ್ತಿದ್ದರು.

ಬೆರಳುಗಳ ಕೆಲಸವನ್ನು ಯಂತ್ರ ಮಾಡಬಲ್ಲದು, ಬಹುಪಾಲು ಮಾಡಿಯೂ ಆಗಿದೆ. ಆ ಕೆಲಸಗಳು ಮರಳಿ ಬರುತ್ತವೆ ಎಂದು ಯಾರಿಗೂ ಭರವಸೆ ಕೊಡಲಾಗದು. ನಿಂತು ಓದುವ ಕೆಲಸವನ್ನು ಮಾತ್ರ ಯಾರೂ ಯಂತ್ರಕ್ಕೆ ವಹಿಸಿಲ್ಲ. ಅದನ್ನು ವೈದ್ಯರ ತಲೆಗೆ ಕಟ್ಟಿದ್ದಾರೆ. ಅಮೆರಿಕದ ಹಳೆಯ ವರದಿಗಳ ಕೆಳಗೆ ಕೆಲವೊಮ್ಮೆ ಒಂದು ಸಾಲು ಇರುತ್ತಿತ್ತು: ಹೇಳಿ ಬರೆಸಿದ್ದು, ಓದಿ ನೋಡಿಲ್ಲ. ಈಗಿನವುಗಳ ಕೆಳಗೆ, ತಂತ್ರಾಂಶದ ನೆರವಿನಿಂದ ತಯಾರಾದದ್ದು, ತಪ್ಪುಗಳಿರಬಹುದು ಎಂದಿರುತ್ತದೆ. ನಮ್ಮ ಓಲೆಗರಿಯ ಲಿಪಿಕಾರನೂ ಕೊನೆಯಲ್ಲಿ ಕ್ಷಮೆ ಕೇಳುತ್ತಿದ್ದ. ತಪ್ಪಿದ್ದರೆ ಬಲ್ಲವರು ತಿದ್ದಿ ಓದಬೇಕೆಂದು ಬೇಡುತ್ತಿದ್ದ. ಎಷ್ಟೋ ಪ್ರತಿಗಳಲ್ಲಿ ಅದರ ಜೊತೆಗೆ ತನ್ನ ಹೆಸರು, ಊರು, ಬರೆದು ಮುಗಿಸಿದ ತಿಥಿಯನ್ನೂ ಬರೆಯುತ್ತಿದ್ದ. ತಪ್ಪು ಯಾರದೆಂದು ಕೇಳಲು ಒಬ್ಬ ಮನುಷ್ಯನಿದ್ದ.

ಆದ್ದರಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ಅನುಮಾನವಿರುವಲ್ಲಿ ಗುರುತು ಇರಲಿ. ವರದಿಯನ್ನು ಒಬ್ಬರು ಓದಿ ಹೋಲಿಸುವವರೆಗೆ ಮೂಲ ಧ್ವನಿ ಉಳಿಯಲಿ. ಹಾಗೆ ಓದುವುದಕ್ಕೆ ಒಬ್ಬರು ಇರಲಿ, ಸಾಲಿನ ಲೆಕ್ಕದಲ್ಲಲ್ಲದೆ ಅವರಿಗೆ ಸಂಬಳ ಸಿಗಲಿ. ಮೂರು ತಲೆಮಾರು ಗ್ರಂಥಸಂಪಾದನೆ ಕಲಿಸಿದ ಭಾಷೆಯವರು ಇಷ್ಟನ್ನು ಕೇಳಲು ಹಿಂಜರಿಯಬೇಕಾಗಿಲ್ಲ.

ಅಲ್ಲಿಯವರೆಗೆ ಆ ಕೊನೆಯ ಓದುಗ ಯಾರೆಂಬುದು ನಮಗೆ ಗೊತ್ತೇ ಇದೆ. ಆಸ್ಪತ್ರೆಯಿಂದ ಬಿಟ್ಟು ಕಳಿಸುವಾಗ ಕೈಗೆ ಕೊಡುವ ವರದಿ ಇಂಗ್ಲಿಷಿನಲ್ಲಿರುತ್ತದೆ. ಮನೆಗೆ ತಂದವರಿಗೆ ಅದು ಓದಲು ಬರುವುದಿಲ್ಲ. ಬೀದಿಯಲ್ಲಿ ಕಾಲೇಜಿಗೆ ಹೋಗುವ ಹುಡುಗನನ್ನೋ ಹುಡುಗಿಯನ್ನೋ ಕರೆದು, ಇದರಲ್ಲಿ ಏನು ಬರೆದಿದ್ದಾರೆ ನೋಡಪ್ಪ ಎಂದು ಕೊಡುತ್ತಾರೆ. ಈ ಬರಹ ಓದುತ್ತಿರುವ ಹಲವರ ಕೈಗೆ ಅಂಥ ಕಾಗದ ಬಂದಿರುತ್ತದೆ, ಮುಂದೆಯೂ ಬರುತ್ತದೆ. ಬಂದಾಗ ಅವಸರದಲ್ಲಿ ಸಾರಾಂಶ ಹೇಳಿ ಕಳಿಸಬೇಡಿ. ಮಾಡಿಸಿದ್ದೇವೆ ಎಂದು ಬರೆದ ಪರೀಕ್ಷೆ ನಿಜವಾಗಿ ಮಾಡಿಸಿದರೇ, ಕಾಲು ಯಾವುದು, ಮಾತ್ರೆ ಎಷ್ಟು, ಅಂಕಿಯ ಹಿಂದೆ ಸೊನ್ನೆ ಇದೆಯೇ, ಅಲರ್ಜಿ ಇಲ್ಲ ಎಂದಿರುವುದು ಹೌದೇ ಎಂದು ಒಂದೊಂದಾಗಿ ಕೇಳಿ. ತಿಳಿಯದ ಪದ ಬಂದರೆ ಊಹಿಸಿ ಹೇಳದೆ ಅದರ ಕೆಳಗೆ ಗೆರೆ ಎಳೆಯಿರಿ. ನಾಳೆ ಡಾಕ್ಟರ ಹತ್ತಿರ ಇದನ್ನು ತೋರಿಸಿ ಕೇಳಿ ಎಂದು ಹೇಳಿ.